ಉಲ್ಲೇಖದ ಲೆಕ್ಕ: ಒಂದೊಂದು ಶಾಸ್ತ್ರಕ್ಕೂ ಒಂದೊಂದು ಅಳತೆ

ವಿದ್ವಾಂಸರೊಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸಿ ನೆನೆಯುವುದಕ್ಕೆ ಉಲ್ಲೇಖ ಎನ್ನುತ್ತಾರೆ. ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಬಳಕೆಯಲ್ಲಿರುವ ಮಾತು ಸೈಟೇಶನ್. ಪುಟದ ಅಡಿಟಿಪ್ಪಣಿಯಲ್ಲೋ ಲೇಖನದ ಕೊನೆಯ ಆಕರಪಟ್ಟಿಯಲ್ಲೋ ಬರುವ ಈ ಸಾಲು ಮೂಲತಃ ಋಣ ಒಪ್ಪಿಕೊಳ್ಳುವ ಸಾಲು. ಈ ವಿಚಾರ ಇಂಥವರಿಂದ ಪಡೆದದ್ದು, ಅನುಮಾನವಿದ್ದವರು ಅಲ್ಲಿಗೇ ಹೋಗಿ ನೋಡಬಹುದು ಎಂಬುದು ಅದರ ಅರ್ಥ. ಕಳೆದ ಅರವತ್ತು ವರ್ಷಗಳಿಂದ ಈ ಋಣದ ಸಾಲುಗಳನ್ನು ಒಂದೊಂದಾಗಿ ಎಣಿಸಲಾಗುತ್ತಿದೆ. ಅಧ್ಯಾಪಕರ ನೇಮಕ, ಬಡ್ತಿ, ಸಂಶೋಧನೆಯ ಅನುದಾನ, ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಎಲ್ಲದರಲ್ಲೂ ಆ ಎಣಿಕೆಗೆ ಪಾಲಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಸಂಶೋಧನೆ ಮತ್ತು ವೃತ್ತಿಪರ ಸಾಧನೆಗೆಂದೇ ನೂರಕ್ಕೆ 30 ಅಂಕ ಮೀಸಲಾಗಿದೆ. ಲೇಖನಗಳೆಷ್ಟು, ಉಲ್ಲೇಖಗಳೆಷ್ಟು ಎಂಬುದು ಅದರಲ್ಲಿ ದೊಡ್ಡ ಭಾಗ.

ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾರೆ, ರಾಗಿಯನ್ನು ಸೇರಿನಲ್ಲಿ. ವಿದ್ವತ್ತಿನ ಅಳತೆಯಲ್ಲಿ ಈ ವಿವೇಕ ಎಲ್ಲೆಡೆ ಉಳಿದಿಲ್ಲ. ರಸಾಯನಶಾಸ್ತ್ರಜ್ಞರು, ಗಣಿತಜ್ಞರು, ಸಮಾಜಶಾಸ್ತ್ರಜ್ಞರು, ಶಾಸನ ಓದುವವರು ಎಲ್ಲರನ್ನೂ ಹಲವೆಡೆ ಒಂದೇ ಸಂಖ್ಯೆಯಿಂದ ಅಳೆಯಲಾಗುತ್ತಿದೆ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ, ಶಾಸ್ತ್ರದಿಂದ ಶಾಸ್ತ್ರಕ್ಕೆ ಏಕೆ ಬದಲಾಗುತ್ತದೆ ಎಂದು ತಿಳಿಯದೆ ಅದನ್ನು ಓದಲಾಗದು.

ಎಣಿಕೆ ಹುಟ್ಟಿದ ಬಗೆ

ಗ್ರಂಥಲೋಕವನ್ನು ಗಣಿತದ ಕಣ್ಣಿನಿಂದ ನೋಡುವ ವಿಚಾರಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ಸೇರಿದ್ದ ಆಸ್ಲಿಬ್ ಎಂಬ ಗ್ರಂಥಾಲಯ ಸಂಘದ ಸಮ್ಮೇಳನದಲ್ಲಿ ‘ಲೈಬ್ರಮೆಟ್ರಿ’ ಎಂಬ ಶಾಸ್ತ್ರ ಬೆಳೆಯಬೇಕೆಂದು ಸೂಚಿಸಿದರು. ಭೂಮಿಯನ್ನು, ದೇಹವನ್ನು ಅಳೆಯುವ ಶಾಸ್ತ್ರಗಳಿರುವಂತೆ ಗ್ರಂಥಾಲಯವನ್ನು ಅಳೆಯುವ ಶಾಸ್ತ್ರವೂ ಇರಲಿ ಎಂಬುದು ಅವರ ಆಶಯ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಡಾಕ್ಯುಮೆಂಟೇಶನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಡಿಆರ್‌ಟಿಸಿ ಎಂದೇ ಹೆಸರಾದ ಆ ಕೇಂದ್ರ ಇಂದು ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿ, ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಸಮೀಪದಲ್ಲಿದೆ. ಇಂಥ ಅಧ್ಯಯನಗಳಿಗೆ ಇಂದು ಬಳಕೆಯಲ್ಲಿರುವ ‘ಬಿಬ್ಲಿಯೊಮೆಟ್ರಿಕ್ಸ್’ ಎಂಬ ಹೆಸರನ್ನು ಅಲನ್ ಪ್ರಿಚರ್ಡ್ ಕೊಟ್ಟದ್ದು 1969ರಲ್ಲಿ, ರಂಗನಾಥನ್ನರ ಮಾತಿಗೆ ಇಪ್ಪತ್ತೊಂದು ವರ್ಷಗಳ ನಂತರ.

ಉಲ್ಲೇಖಗಳನ್ನೇ ಎಣಿಸಿ ಸೂಚಿ ಮಾಡಿದವರು ಅಮೆರಿಕದ ಯೂಜಿನ್ ಗಾರ್ಫೀಲ್ಡ್. ಅವರ ವಿಚಾರಕ್ಕೆ ಮಾದರಿ ವಿಜ್ಞಾನದಿಂದ ಬಂದದ್ದಲ್ಲ, ಕಾನೂನಿನಿಂದ. ಯಾವ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿ ಹೇಳಿವೆ ಎಂದು ವಕೀಲರಿಗೆ ತೋರಿಸುವ ‘ಶೆಪರ್ಡ್ಸ್ ಸೈಟೇಶನ್ಸ್’ ಎಂಬ ಸೂಚಿ ಅಮೆರಿಕದಲ್ಲಿ 1873ರಿಂದಲೇ ಇತ್ತು. ವಿಜ್ಞಾನದ ಲೇಖನಗಳಿಗೂ ಅಂಥದ್ದೊಂದು ಸೂಚಿ ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು. ಒಂದು ವಿಚಾರದ ಬೆನ್ನುಹತ್ತಿ ಅದು ಎಲ್ಲೆಲ್ಲಿ ಹರಿಯಿತೆಂದು ಹುಡುಕುವುದು ಅದರ ಮೊದಲ ಉದ್ದೇಶ. ವ್ಯಕ್ತಿಗಳಿಗೆ ಅಂಕ ಕೊಡುವ ಬಳಕೆ ಆಮೇಲೆ ಬೆಳೆದದ್ದು. ಆ ಸೂಚಿಯ ಮುಂದುವರಿಕೆಯೇ ಇಂದಿನ ‘ವೆಬ್ ಆಫ್ ಸೈನ್ಸ್’. 2004ರಲ್ಲಿ ಎಲ್ಸೆವಿಯರ್ ಸಂಸ್ಥೆಯ ‘ಸ್ಕೋಪಸ್’, ಅದೇ ವರ್ಷ ‘ಗೂಗಲ್ ಸ್ಕಾಲರ್’ ಬಂದವು. ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್ ಮುಖ್ಯವಾಗಿ ಆಯ್ದ ಜರ್ನಲ್‌ಗಳನ್ನು ಎಣಿಸುತ್ತವೆ. ಗೂಗಲ್ ಸ್ಕಾಲರ್ ಪುಸ್ತಕ, ಪ್ರೌಢಪ್ರಬಂಧ, ವರದಿ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಆದ್ದರಿಂದಲೇ ಒಬ್ಬರೇ ವಿದ್ವಾಂಸರಿಗೆ ಮೂರು ಕಡೆ ಮೂರು ಸಂಖ್ಯೆ ಕಾಣುತ್ತದೆ.

ಎಚ್-ಇಂಡೆಕ್ಸ್ ಎಂದರೇನು?

ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಒಬ್ಬರ ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಬೇಕು. ಉದಾಹರಣೆಗೆ ಹತ್ತು ಲೇಖನಗಳಿಗೆ 40, 22, 15, 9, 6, 5, 3, 2, 0, 0 ಉಲ್ಲೇಖಗಳು ಬಂದಿವೆ ಎಂದುಕೊಳ್ಳಬಹುದು. ಐದನೆಯ ಲೇಖನಕ್ಕೆ ಆರು ಉಲ್ಲೇಖ. ಅಂದರೆ ಕನಿಷ್ಠ ಐದೈದು ಉಲ್ಲೇಖ ಪಡೆದ ಐದು ಲೇಖನಗಳಿವೆ. ಆರನೆಯದಕ್ಕೆ ಐದೇ ಇರುವುದರಿಂದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಇವರ ಎಚ್-ಇಂಡೆಕ್ಸ್ 5.

ಬರೀ ಲೇಖನಗಳ ರಾಶಿಗೂ, ಒಂದೇ ಲೇಖನಕ್ಕೆ ಅದೃಷ್ಟದಿಂದ ಬಂದ ಹೆಸರಿಗೂ ಮರುಳಾಗದಂತೆ ಈ ಸೂತ್ರ ತಡೆಯುತ್ತದೆ. ಅದರ ಕೊರತೆಯೂ ಅಲ್ಲೇ ಇದೆ. ಜೀವಮಾನವಿಡೀ ದುಡಿದು ಒಂದೇ ಮಹಾಗ್ರಂಥ ಬರೆದವರ ಪುಸ್ತಕವನ್ನು ಸಾವಿರ ಮಂದಿ ಉಲ್ಲೇಖಿಸಿದರೂ ಅವರ ಎಚ್-ಇಂಡೆಕ್ಸ್ 1 ಮಾತ್ರ. ವಯಸ್ಸಿನೊಂದಿಗೆ ಈ ಸಂಖ್ಯೆ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ. ಹಾಗಾಗಿ ಮೂವತ್ತರ ಸಂಶೋಧಕರನ್ನು ಅರವತ್ತರವರ ಪಕ್ಕದಲ್ಲಿ ನಿಲ್ಲಿಸಲಾಗದು. ಶಾಸ್ತ್ರಗಳ ನಡುವಿನ ಅಂತರ ಹಿರ್ಶ್ ಅವರ ಮೊದಲ ಲೇಖನದಲ್ಲಿಯೇ ಕಾಣುತ್ತದೆ. ಅವರ ಪಟ್ಟಿಯಲ್ಲಿ ಭೌತವಿಜ್ಞಾನದ ಮೊದಲ ಸ್ಥಾನ ಎಡ್ವರ್ಡ್ ವಿಟನ್ ಅವರದು, ಎಚ್-ಇಂಡೆಕ್ಸ್ 110. ಜೀವವಿಜ್ಞಾನದಲ್ಲಿ ಮೊದಲಿಗರಾದ ಸೊಲೊಮನ್ ಸ್ನೈಡರ್ ಅವರದು 191. ಸ್ನೈಡರ್ ಅವರು ವಿಟನ್ನರಿಗಿಂತ ಹೆಚ್ಚು ಪ್ರತಿಭಾವಂತರೆಂದು ಇದರಿಂದ ಯಾರೂ ತೀರ್ಮಾನಿಸಲಿಲ್ಲ. ಎರಡು ಶಾಸ್ತ್ರಗಳ ಮಾತಿನ ರೂಢಿ ಬೇರೆ ಎಂಬುದಷ್ಟೇ ತಿಳಿಯಿತು.

ಅಂತರಕ್ಕೆ ಕಾರಣಗಳು

ಮೊದಲನೆಯದು ಆಕರಪಟ್ಟಿಯ ಉದ್ದ. ಜೀವವಿಜ್ಞಾನದ ಲೇಖನ ಹಿಂದಿನ ಹತ್ತಾರು ಪ್ರಯೋಗಗಳನ್ನು ಹೆಸರಿಸಿಯೇ ಮುಂದೆ ಹೋಗಬೇಕು. ಗಣಿತದ ಲೇಖನಕ್ಕೆ ಕೆಲವೇ ಪ್ರಮೇಯಗಳ ಆಧಾರ ಸಾಕು. ಕೊಡುವವರು ಕಡಿಮೆ ಇದ್ದಲ್ಲಿ ಪಡೆಯುವವರಿಗೂ ಕಡಿಮೆಯೇ ಸಿಗುತ್ತದೆ.

ಎರಡನೆಯದು ವೇಗ. ವೈದ್ಯಕೀಯದಲ್ಲಿ ಒಂದು ಲೇಖನ ಎರಡು-ಮೂರು ವರ್ಷಗಳಲ್ಲಿ ಉತ್ತುಂಗ ಮುಟ್ಟಿ ಹಳತಾಗಬಹುದು. ಗಣಿತ ಮತ್ತು ಇತಿಹಾಸಗಳಲ್ಲಿ ಐವತ್ತು ವರ್ಷ ಹಿಂದಿನ ಕೆಲಸವೂ ಹೊಸದರಷ್ಟೇ ಜೀವಂತ. ಜರ್ನಲ್‌ಗಳ ಯೋಗ್ಯತೆಗೆಂದು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ನಿಧಾನದ ಶಾಸ್ತ್ರಗಳು ಅಲ್ಲಿ ಸದಾ ಹಿಂದೆ ಬೀಳುತ್ತವೆ.

ಮೂರನೆಯದು ಲೇಖಕರ ಸಂಖ್ಯೆ. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಹಿಗ್ಸ್ ಕಣದ ದ್ರವ್ಯರಾಶಿ ಕುರಿತು 2015ರಲ್ಲಿ ಪ್ರಕಟಿಸಿದ ಒಂದೇ ಲೇಖನಕ್ಕೆ 5,154 ಲೇಖಕರಿದ್ದರು. ಪ್ರತಿಯೊಂದು ಉಲ್ಲೇಖವೂ ಅವರೆಲ್ಲರ ಖಾತೆಗೆ ಸೇರುತ್ತದೆ. ಶಾಸನ ಓದುವವರು, ಹಳಗನ್ನಡ ಕಾವ್ಯ ಸಂಪಾದಿಸುವವರು ಸಾಮಾನ್ಯವಾಗಿ ಒಬ್ಬರೇ ಕೂತು ದುಡಿಯುತ್ತಾರೆ. ಹೆಸರುಗಳ ಕ್ರಮಕ್ಕೂ ಶಾಸ್ತ್ರಕ್ಕೊಂದು ಅರ್ಥವಿದೆ: ಗಣಿತದಲ್ಲಿ ಅಕಾರಾದಿ ರೂಢಿ, ಜೀವವಿಜ್ಞಾನದಲ್ಲಿ ಹೆಚ್ಚು ದುಡಿದ ವಿದ್ಯಾರ್ಥಿ ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ.

ನಾಲ್ಕನೆಯದು ಪ್ರಕಟಣೆಯ ರೂಪ. ಕಂಪ್ಯೂಟರ್ ವಿಜ್ಞಾನದವರಿಗೆ ಸಮ್ಮೇಳನದ ಪ್ರಬಂಧ ಮುಖ್ಯ, ರಸಾಯನಶಾಸ್ತ್ರದವರಿಗೆ ಜರ್ನಲ್, ಮಾನವಿಕಗಳವರಿಗೆ ಪುಸ್ತಕ. ಜರ್ನಲ್‌ಗಳನ್ನೇ ನೆಚ್ಚಿದ ಸೂಚಿಯಲ್ಲಿ ಪುಸ್ತಕದ ಶಾಸ್ತ್ರ ಅರ್ಧ ಕಾಣೆಯಾಗುತ್ತದೆ.

ಉಲ್ಲೇಖ ಹೆಚ್ಚಿದ್ದಲ್ಲಿ ಶೋಧ ದೊಡ್ಡದೆಂಬ ಭಾವನೆಯೂ ನಿಲ್ಲುವುದಿಲ್ಲ. ‘ನೇಚರ್’ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಲೇಖನಗಳನ್ನು ಪಟ್ಟಿ ಮಾಡಿತು. ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಹೇಳಿದ, ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ ಮೊದಲ ಸ್ಥಾನದಲ್ಲಿತ್ತು. ಡಿಎನ್‌ಎ ರಚನೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಆ ನೂರರಲ್ಲಿ ಇರಲೇ ಇಲ್ಲ. ದಿನಬಳಕೆಯ ವಿಧಾನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಲೋಕದ ತಿಳಿವಳಿಕೆಯನ್ನೇ ಬದಲಿಸಿದ ಸತ್ಯವನ್ನು ಎಲ್ಲರೂ ಕಲಿತು ಮುಂದೆ ಸಾಗುತ್ತಾರೆ.

ಇಬ್ಬರು ರಾವ್‌ಗಳು

ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಘನಸ್ಥಿತಿ ರಸಾಯನಶಾಸ್ತ್ರದ ದೊಡ್ಡ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯನ್ನು 1984ರಿಂದ 1994ರವರೆಗೆ ನಡೆಸಿದ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದ ಅವರು 1,500ಕ್ಕೂ ಹೆಚ್ಚು ಸಂಶೋಧನಾ ಲೇಖನ ಪ್ರಕಟಿಸಿದ್ದಾರೆ. 2013ರಲ್ಲಿ ಅವರ ಎಚ್-ಇಂಡೆಕ್ಸ್ ನೂರು ಮುಟ್ಟಿತು. ಅದೇ ವರ್ಷ ಭಾರತರತ್ನ ಘೋಷಣೆಯಾಯಿತು. ಈ ಸಂಖ್ಯೆಯ ಹಿಂದೆ ದಶಕಗಳ ಕಾಲ ಮುಂಜಾನೆಯಿಂದ ನಡೆದ ಪ್ರಯೋಗಾಲಯವಿದೆ, ಸಾಲುಸಾಲು ವಿದ್ಯಾರ್ಥಿಗಳಿದ್ದಾರೆ. ಹೊಸ ಆಕ್ಸೈಡ್, ಹೊಸ ನ್ಯಾನೊವಸ್ತು ಮಾಡಿದಾಗಲೆಲ್ಲ ಒಂದು ಲೇಖನವಾಗುವ, ಜಗತ್ತಿನ ನೂರಾರು ಪ್ರಯೋಗಾಲಯಗಳು ಅದನ್ನು ಕೂಡಲೇ ಎತ್ತಿಕೊಳ್ಳುವ ಶಾಸ್ತ್ರದ ರೂಢಿಯೂ ಇದೆ. ರಸಾಯನಶಾಸ್ತ್ರದ ಒಳಗೆ ಇಟ್ಟು ನೋಡಿದರೆ ಇದು ನಿಜಕ್ಕೂ ಅಪರೂಪದ ದಾಖಲೆ.

ಇನ್ನೊಬ್ಬ ರಾವ್ 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಅಂದು ಬಳ್ಳಾರಿ ಜಿಲ್ಲೆ, ಇಂದು ವಿಜಯನಗರ ಜಿಲ್ಲೆ. ತೆಲುಗು ಮನೆಮಾತಿನ ಕಲ್ಯಂಪುಡಿ ರಾಧಾಕೃಷ್ಣ ರಾವ್ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಬೆಳೆದು, ಸಿ.ಆರ್. ರಾವ್ ಎಂದು ಜಗತ್ತಿಗೆ ಪರಿಚಿತರಾದರು. 1945ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ, ಅವರು ‘ಬುಲೆಟಿನ್ ಆಫ್ ದ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿ’ಯಲ್ಲಿ ಸುಮಾರು ಹನ್ನೊಂದು ಪುಟಗಳ ಒಂದು ಲೇಖನ ಬರೆದರು. ಅದರಲ್ಲಿ ಮೂರು ಫಲಿತಾಂಶಗಳಿದ್ದವು. ಕೈಯಲ್ಲಿರುವ ಮಾಹಿತಿಯಿಂದ ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಮಿತಿ ಹೇಳುವ ‘ಕ್ರಾಮೆರ್–ರಾವ್ ಮಿತಿ’ ಮೊದಲನೆಯದು. ಒರಟು ಅಂದಾಜನ್ನು ಉತ್ತಮಗೊಳಿಸುವ ದಾರಿ ತೋರಿಸುವ ‘ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ’ ಎರಡನೆಯದು. ಸಂಭಾವ್ಯತೆಯನ್ನು ರೇಖಾಗಣಿತದ ಮೂಲಕ ನೋಡುವ, ಮುಂದೆ ‘ಇನ್ಫರ್ಮೇಶನ್ ಜಾಮಿಟ್ರಿ’ ಎಂಬ ಶಾಖೆಯಾಗಿ ಬೆಳೆದ ವಿಚಾರ ಮೂರನೆಯದು.

ಈ ಹನ್ನೊಂದು ಪುಟಗಳು ಸಂಖ್ಯಾಶಾಸ್ತ್ರದ ಗಡಿ ದಾಟಿ ಹರಿದವು. ರೇಡಾರ್ ಮತ್ತು ಸಂಕೇತ ಸಂಸ್ಕರಣೆಯ ಎಂಜಿನಿಯರುಗಳು ತಮ್ಮ ಯಂತ್ರದ ನಿಖರತೆಯನ್ನು ಕ್ರಾಮೆರ್–ರಾವ್ ಮಿತಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಕ್ವಾಂಟಮ್ ಭೌತವಿಜ್ಞಾನದಲ್ಲಿ ಕ್ವಾಂಟಮ್ ಕ್ರಾಮೆರ್–ರಾವ್ ಮಿತಿ ಎಂಬುದೇ ಒಂದಿದೆ. ಕೇಂಬ್ರಿಜ್‌ನಲ್ಲಿದ್ದಾಗ ಸುಡಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ರಾವ್ ವಿಶ್ಲೇಷಿಸಿದ್ದರಿಂದ ಅವರ ಹೆಸರು ಮಾನವಶಾಸ್ತ್ರದ ಬರಹಗಳಲ್ಲೂ ಇದೆ. ಅವರು ರೂಪಿಸಿದ ಆರ್ಥಗೋನಲ್ ಅರೇಗಳು ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಗೆ ಬಂದವು.

ಹೀಗೆ ಹರಿದ ವಿಚಾರದ ಉಲ್ಲೇಖ ಎಲ್ಲಿ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ‘ಕ್ರಾಮೆರ್–ರಾವ್’ ಪಠ್ಯಪುಸ್ತಕದ ಪದವಾದ ಮೇಲೆ ಅದನ್ನು ಬಳಸುವವರಲ್ಲಿ ಅನೇಕರು 1945ರ ಲೇಖನವನ್ನು ಹೆಸರಿಸುವುದಿಲ್ಲ. ಪಠ್ಯಪುಸ್ತಕವನ್ನು ಹೆಸರಿಸುತ್ತಾರೆ, ಇಲ್ಲವೇ ಏನನ್ನೂ ಹೆಸರಿಸುವುದಿಲ್ಲ. ರಾವ್ 1948ರಲ್ಲಿ ಕೊಟ್ಟ ‘ಸ್ಕೋರ್ ಪರೀಕ್ಷೆ’ ಅರ್ಥಶಾಸ್ತ್ರಜ್ಞರ ನಡುವೆ ‘ಲಗ್ರಾಂಜ್ ಮಲ್ಟಿಪ್ಲೈಯರ್ ಪರೀಕ್ಷೆ’ ಎಂಬ ಬೇರೆ ಹೆಸರಿನಲ್ಲಿ ಬಳಕೆಯಲ್ಲಿದೆ. ಒಂದೇ ವಿಚಾರ ಎರಡು ಶಾಸ್ತ್ರಗಳಲ್ಲಿ ಎರಡು ಹೆಸರು ಹೊತ್ತಾಗ ಉಲ್ಲೇಖವೂ ಎರಡು ಕಡೆ ಹಂಚಿಹೋಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ಬಗೆಯ ಕಣ್ಮರೆಯನ್ನು ಬಹಳ ಹಿಂದೆಯೇ ಗುರುತಿಸಿದ್ದರು: ವಿಚಾರ ಎಲ್ಲರದಾದಾಗ ಅದನ್ನು ಕೊಟ್ಟವರ ಹೆಸರು ಅಳಿಸಿಹೋಗುತ್ತದೆ. 1945ರ ಆ ಲೇಖನ ಬಂದ 78 ವರ್ಷಗಳ ಮೇಲೆ, 2023ರಲ್ಲಿ, ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಾಗರಬಾವಿಯ ಹಾದಿ

ಕುರುಬರಹಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಬಸವೇಶ್ವರನಗರ, ವಿಜಯನಗರ ದಾಟಿ ನಾಗರಬಾವಿ ಸಿಗುತ್ತದೆ. ಅಲ್ಲಿಂದ ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿ, ಮೈಸೂರು ರಸ್ತೆ. ಪಶ್ಚಿಮ ಬೆಂಗಳೂರಿನ ಈ ಒಂದೇ ಹಾದಿಯಲ್ಲಿ ಸಮಾಜವಿಜ್ಞಾನ, ಕಾನೂನು, ಕನ್ನಡ, ಸಂಖ್ಯಾಶಾಸ್ತ್ರಗಳ ದೊಡ್ಡ ಮನೆಗಳಿವೆ. ಒಂದೊಂದು ಮನೆಯ ಉಲ್ಲೇಖದ ರೂಢಿಯೂ ಬೇರೆ.

ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದಾಗ ಅವರ ಜೊತೆಗೂಡಿದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಅವರು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ನೆನಪನ್ನೇ ಆಧರಿಸಿ ಅವರು ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಸಂಸ್ಕೃತೀಕರಣ, ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆಗಳು ಸಮಾಜಶಾಸ್ತ್ರಕ್ಕೆ ಅವರಿಂದ ಬಂದವು. ಚುನಾವಣೆಯ ಕಾಲದಲ್ಲಿ ವೋಟ್ ಬ್ಯಾಂಕ್ ಎಂಬ ಮಾತು ಬಾರದ ಕನ್ನಡ ಪತ್ರಿಕೆ ಇಲ್ಲ, ಚಹಾ ಅಂಗಡಿಯ ಹರಟೆಯಿಲ್ಲ. ಅಲ್ಲಿ ಯಾರೂ ಅಡಿಟಿಪ್ಪಣಿ ಹಾಕುವುದಿಲ್ಲ. ಸಮಾಜವಿಜ್ಞಾನಿಯ ಮಾತು ನಾಡಿನ ಮಾತೇ ಆಗಿಬಿಡುವುದು ದೊಡ್ಡ ಸಾಧನೆ. ಅದಕ್ಕೆ ಸೂಚಿಯಲ್ಲಿ ಅಂಕಣವಿಲ್ಲ.

ಸಮಿತಿಗಳ ವರದಿಗಳ ಕಥೆಯೂ ಇದೇ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ಕೊಟ್ಟು, ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು. ಉತ್ತರ ಕರ್ನಾಟಕದ ಪಾಲಿನ ಪ್ರಶ್ನೆ ವಿಧಾನಸಭೆಯಲ್ಲಿ ಎದ್ದಾಗಲೆಲ್ಲ ಆ ವರದಿಯ ಹೆಸರು ಬರುತ್ತದೆ. ಅನುದಾನದ ಹಂಚಿಕೆಗೆ ಅದು ಆಧಾರವಾಗಿದೆ. ಸದನದಲ್ಲಿ ಆಡಿದ ಮಾತನ್ನು ಜರ್ನಲ್‌ಗಳ ಸೂಚಿ ಎಣಿಸುವುದಿಲ್ಲ.

ಅದೇ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಶಾಸ್ತ್ರದಲ್ಲಿ ನ್ಯಾಯಾಲಯದ ತೀರ್ಪಿನಲ್ಲಿ ಹೆಸರು ಬರುವುದೇ ಹಿರಿಯ ಉಲ್ಲೇಖ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ ಮೂಲ ಸ್ವರೂಪದ ಸಿದ್ಧಾಂತವನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಜರ್ಮನಿಯ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ ಅವರ ವಿಚಾರವನ್ನು ನೆನೆದರು. ಒಂದು ದೇಶದ ಸಂವಿಧಾನದ ದಾರಿಯನ್ನೇ ಪ್ರಭಾವಿಸಿದ ಈ ಉಲ್ಲೇಖದ ಬೆಲೆಯನ್ನು ಎಚ್-ಇಂಡೆಕ್ಸ್ ಹೇಳಲಾರದು.

ಕನ್ನಡ ಸಂಶೋಧನೆಯ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಕಂದಕ ಇರುವುದು ಕನ್ನಡದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಸೋಸಿ ಅಂದಿನ ಜನರ ಧರ್ಮ, ಶಿಕ್ಷಣ, ಬದುಕು, ಬಲಿದಾನಗಳ ಚಿತ್ರ ಕಟ್ಟಿದ ಆ ಗ್ರಂಥವನ್ನು ಮುಟ್ಟದೆ ಕರ್ನಾಟಕದ ಸಾಂಸ್ಕೃತಿಕ ಇತಿಹಾಸ ಬರೆಯಲಾಗದು. ಧಾರವಾಡದ ಎಂ.ಎಂ. ಕಲಬುರ್ಗಿ ಅವರ ‘ಮಾರ್ಗ’ ಸಂಪುಟಗಳ ಸಂಶೋಧನ ಲೇಖನಗಳೂ ಹಾಗೆಯೇ. ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವನ್ನು ಉಲ್ಲೇಖಿಸುವ ಬರಹಗಳು ‘ಪ್ರಬುದ್ಧ ಕರ್ನಾಟಕ’, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ವಿಶ್ವವಿದ್ಯಾಲಯಗಳ ಸಂಶೋಧನ ಪತ್ರಿಕೆಗಳು ಮತ್ತು ಅಭಿನಂದನ ಗ್ರಂಥಗಳಲ್ಲಿ ಹರಡಿಕೊಂಡಿವೆ. ಹಿರಿಯ ವಿದ್ವಾಂಸರ ಗೌರವಾರ್ಥ ಹೊರಬರುವ ಅಭಿನಂದನ ಗ್ರಂಥ ಕನ್ನಡ ಸಂಶೋಧನೆಯ ಒಂದು ಮುಖ್ಯ ಕಣಜ. ಬಹುಮಟ್ಟಿಗೆ ಇಂಗ್ಲಿಷ್ ಜರ್ನಲ್‌ಗಳನ್ನೇ ಎಣಿಸುವ ಅಂತರರಾಷ್ಟ್ರೀಯ ಸೂಚಿಗಳಿಗೆ ಆ ಕಣಜದ ಬಾಗಿಲು ಗೊತ್ತಿಲ್ಲ.

ಶಾಸನಶಾಸ್ತ್ರದ ರೂಢಿಯೇ ಬೇರೆ. ಬಿ.ಎಲ್. ರೈಸ್ ಮತ್ತು ಅವರ ನಂತರದವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಿಂದ ಆಕರ ಎತ್ತುವಾಗ ‘ಎ.ಕ.’ ಎಂದು ಬರೆದು ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಕೊಡುತ್ತಾರೆ. ಸಂಪಾದಕರ ಹೆಸರು ಬರುವುದಿಲ್ಲ. ಬಂಡೆ ಹತ್ತಿ, ಹಾಳು ಗುಡಿಗಳನ್ನು ಹೊಕ್ಕು ಸಾವಿರಾರು ಶಾಸನಗಳ ಪ್ರತಿ ತೆಗೆದವರಿಗೆ ಒಂದು ಶತಮಾನಕ್ಕೂ ಮಿಕ್ಕಿ ಸಂದ ಉಲ್ಲೇಖಗಳು ಹೀಗೆ ಹೆಸರಿಲ್ಲದೆ ಸಂದಿವೆ.

ಹೆಸರಿನ ತೊಡಕು ಇನ್ನೊಂದಿದೆ. ಸೂಚಿಗಳಿಗೆ ಮನೆತನದ ಹೆಸರು ಬೇಕು. ಕನ್ನಡಿಗರಲ್ಲಿ ಅನೇಕರಿಗೆ ಊರು, ತಂದೆಯ ಹೆಸರುಗಳ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಒಬ್ಬರೇ ಲೇಖಕರು ಮೂರು ಬಗೆಯಲ್ಲಿ ಅಚ್ಚಾಗಿ ಮೂವರಾಗುತ್ತಾರೆ. ಹತ್ತಾರು ರಾವ್‌ಗಳು, ಮೂರ್ತಿಗಳು ಒಂದೇ ಹೆಸರಿನಡಿ ಕಲೆಸಿಹೋಗುತ್ತಾರೆ. 2012ರಲ್ಲಿ ಬಂದ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಇದಕ್ಕೆ ಒಳ್ಳೆಯ ಪರಿಹಾರ. ಅದು ಉಚಿತವಾಗಿ ಸಿಗುತ್ತದೆ.

ತಿದ್ದುಪಡಿಯ ಯತ್ನಗಳು

ಎಣಿಕೆಗೆ ಬೆಲೆ ಕಟ್ಟಿದ ಮೇಲೆ ಎಣಿಕೆಯನ್ನೇ ಬೆಳೆಸುವವರೂ ಹುಟ್ಟಿಕೊಂಡರು. ತಮ್ಮನ್ನು ತಾವೇ ಅಗತ್ಯ ಮೀರಿ ಉಲ್ಲೇಖಿಸುವುದು, ಗುಂಪು ಕಟ್ಟಿಕೊಂಡು ಪರಸ್ಪರ ಉಲ್ಲೇಖಿಸುವುದು, ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಈ ದಾರಿಯ ಪಿಡುಗುಗಳು. ಅವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕೇರ್ ಎಂಬ ಜರ್ನಲ್ ಪಟ್ಟಿ ಮಾಡಿತ್ತು. 2025ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿತು. ಪಿಎಚ್.ಡಿ. ಪಡೆಯಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಅದಕ್ಕೂ ಮೊದಲೇ, 2022ರ ನಿಯಮಗಳಲ್ಲಿ, ತೆಗೆದಿತ್ತು.

ನ್ಯಾಯವಾದ ಹೋಲಿಕೆಗೆ ಒಂದು ದಾರಿ ಉಲ್ಲೇಖಗಳನ್ನು ಶಾಸ್ತ್ರದ ಸರಾಸರಿಯಿಂದ ಭಾಗಿಸುವುದು. ಒಂದು ಶಾಸ್ತ್ರದಲ್ಲಿ, ಒಂದೇ ವರ್ಷ ಬಂದ ಲೇಖನಗಳಿಗೆ ಸರಾಸರಿ ನಾಲ್ಕು ಉಲ್ಲೇಖ ಬಂದು, ಒಬ್ಬರ ಲೇಖನಕ್ಕೆ ಎಂಟು ಬಂದರೆ ಅದರ ಬೆಲೆ 2. ಸರಾಸರಿ ನಲವತ್ತಿರುವ ಶಾಸ್ತ್ರದಲ್ಲಿ ಅದೇ 2 ಪಡೆಯಲು ಎಂಬತ್ತು ಬೇಕು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯನ್ನು ಅಳೆಯಬಾರದೆಂದು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. 2015ರ ಲೈಡನ್ ಪ್ರಣಾಳಿಕೆ ಹತ್ತು ತತ್ತ್ವಗಳನ್ನು ಮುಂದಿಟ್ಟಿತು. ಸ್ಥಳೀಯವಾಗಿ ಮಹತ್ವದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕೆಂಬುದು ಅವುಗಳಲ್ಲಿ ಒಂದು. ಕನ್ನಡದ ಮಟ್ಟಿಗೆ ಅದು ಎಲ್ಲಕ್ಕಿಂತ ಮುಖ್ಯವಾದ ತತ್ತ್ವ.

ಒಬ್ಬ ವಿದ್ವಾಂಸರ ದಾಖಲೆಯನ್ನು ಕೈಗೆತ್ತಿಕೊಂಡವರು ಕೇಳಬೇಕಾದ ಪ್ರಶ್ನೆಗಳು ಹಾಗಾಗಿ ಸ್ಪಷ್ಟ: ಈ ಶಾಸ್ತ್ರದ ರೂಢಿಯೇನು? ಎಷ್ಟು ವರ್ಷಗಳ ದುಡಿಮೆ? ಜೊತೆಗೆ ಎಷ್ಟು ಲೇಖಕರು? ಯಾವ ಭಾಷೆ, ಯಾವ ಸೂಚಿ? ಇವೆಲ್ಲದರ ನಂತರವೂ ಕೊನೆಯ ಕೆಲಸ ಉಳಿದೇ ಇರುತ್ತದೆ: ಆ ಬರಹವನ್ನು ಓದುವುದು.

ಕನ್ನಡಕ್ಕೆ ತನ್ನದೇ ಆದ ಉಲ್ಲೇಖ ಸೂಚಿ ಬೇಕು. ಕನ್ನಡದ ಸಂಶೋಧನ ಪತ್ರಿಕೆಗಳು, ಅಭಿನಂದನ ಗ್ರಂಥಗಳು, ಪ್ರೌಢಪ್ರಬಂಧಗಳ ಆಕರಪಟ್ಟಿಗಳನ್ನು ಒಂದೆಡೆ ತಂದರೆ ಯಾರ ವಿಚಾರ ಯಾರಲ್ಲಿ ಬೆಳೆಯಿತು ಎಂಬ ನಾಡಿನ ವಿದ್ವತ್ತಿನ ವಂಶವೃಕ್ಷವೇ ಕಣ್ಣೆದುರು ನಿಲ್ಲುತ್ತದೆ. ಕನ್ನಡ ಪ್ರಾಧ್ಯಾಪಕರು ಇರುವ ಜ್ಞಾನಭಾರತಿಗೂ ರಂಗನಾಥನ್ ಕಟ್ಟಿದ ಕೇಂದ್ರಕ್ಕೂ ನಡುವೆ ಇರುವುದು ಕೆಲವೇ ಕಿಲೋಮೀಟರ್. ಆ ಎರಡು ಮನೆಗಳು ಕೈಜೋಡಿಸಿ ಈ ಕೆಲಸಕ್ಕೆ ತೊಡಗಬೇಕು.